ಉಜ್ಜಿದ ಪೈಪಿನಿಂದ ಟ್ರಾನ್ಸಿಸ್ಟರ್‌ವರೆಗೆ: ಸ್ಥಾಯಿ ವಿದ್ಯುತ್ತು ಮತ್ತು ಸರ್ಕಿಟ್ಟಿನ ಬಿಡಿಭಾಗಗಳನ್ನು ಒಟ್ಟಿಗೆ ಕಲಿಯುವ ಬಗೆ

ಪಠ್ಯಪುಸ್ತಕಗಳಲ್ಲಿ ಸ್ಥಾಯಿ ವಿದ್ಯುತ್ತಿಗೆ ಒಂದು ಪಾಠ, ವಿದ್ಯುನ್ಮಂಡಲಕ್ಕೆ ಇನ್ನೊಂದು ಪಾಠ ಇರುತ್ತದೆ. ಬಾಚಣಿಗೆ ಕಾಗದದ ಚೂರನ್ನು ಎಳೆಯುವುದಕ್ಕೂ ಬ್ಯಾಟರಿ ದೀಪ ಉರಿಸುವುದಕ್ಕೂ ಸಂಬಂಧವೇ ಇಲ್ಲವೆಂದು ಮಕ್ಕಳು ಅಂದುಕೊಳ್ಳುವುದು ಇದರಿಂದಲೇ. ನಿಜಕ್ಕೂ ಎರಡರಲ್ಲೂ ಓಡಾಡುವುದು ಅದೇ ಎಲೆಕ್ಟ್ರಾನು. ವ್ಯತ್ಯಾಸವೆಲ್ಲ ಎಷ್ಟು ವೋಲ್ಟು, ಎಷ್ಟು ಆವೇಶ (ಚಾರ್ಜ್) ಎಂಬ ಎರಡು ಲೆಕ್ಕಗಳಲ್ಲಿದೆ. ಉಜ್ಜಿದ ಪ್ಲಾಸ್ಟಿಕ್ಕಿನಲ್ಲಿ ಸಾವಿರಾರು ವೋಲ್ಟ್ ಇದ್ದರೂ ಆವೇಶ ಅತ್ಯಲ್ಪ. ಬ್ಯಾಟರಿಯಲ್ಲಿ ಒಂಬತ್ತೇ ವೋಲ್ಟ್, ಆದರೆ ಆವೇಶ ಧಾರಾಳ. ಈ ಒಂದು ಮಾತನ್ನು ಕೈಯಾರೆ ಮಾಡಿ ನೋಡುವುದಕ್ಕೆ ಕೆಳಗಿನ ಕ್ರಮ.

ಮೊದಲು ಹವೆ ನೋಡಿಕೊಳ್ಳಿ

ಸ್ಥಾಯಿ ವಿದ್ಯುತ್ತಿನ ಪ್ರಯೋಗ ಕೆಟ್ಟರೆ ಹತ್ತಕ್ಕೆ ಒಂಬತ್ತು ಸಲ ಕಾರಣ ತೇವ. ಗಾಳಿಯಲ್ಲಿ ನೀರಿನಂಶ ಹೆಚ್ಚಿದ್ದಾಗ ಪ್ಲಾಸ್ಟಿಕ್, ಗಾಜುಗಳ ಮೇಲೆ ಕಣ್ಣಿಗೆ ಕಾಣದ ತೆಳು ನೀರಿನ ಪದರ ಕೂರುತ್ತದೆ. ಬೆವರಿನ ಉಪ್ಪು, ಧೂಳು ಅದಕ್ಕೆ ಬೆರೆತರೆ ಆವೇಶ ಮೇಲ್ಮೈ ಮೇಲೆಯೇ ಹರಿದು ಹೋಗುತ್ತದೆ. ಆರ್ದ್ರತೆ ಶೇ. 50ಕ್ಕಿಂತ ಕಡಿಮೆಯಿದ್ದರೆ ಎಲ್ಲವೂ ಸಲೀಸು. ಶೇ. 65 ದಾಟಿದರೆ ಒದ್ದಾಟ. ಕಲಬುರಗಿ, ವಿಜಯಪುರ, ರಾಯಚೂರಿನಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ, ಬೆಂಗಳೂರಿನಲ್ಲಿ ಫೆಬ್ರುವರಿ–ಮಾರ್ಚ್ ಮಧ್ಯಾಹ್ನಗಳಲ್ಲಿ ಕಿಡಿ ಚೆನ್ನಾಗಿ ಬರುತ್ತದೆ. ಮಂಗಳೂರು, ಉಡುಪಿ, ಕಾರವಾರದವರು ಜೂನ್–ಜುಲೈಯಲ್ಲಿ ಇದಕ್ಕೆ ಕೈ ಹಾಕದಿರುವುದೇ ವಾಸಿ. ಮಾಡಲೇಬೇಕಿದ್ದರೆ ಪೈಪು, ಬಟ್ಟೆ, ಹಿಡಿಕೆ ಎಲ್ಲವನ್ನೂ ಹೇರ್ ಡ್ರೈಯರ್‌ನಿಂದ ಒಂದೆರಡು ನಿಮಿಷ ಬಿಸಿ ಮಾಡಿ, ಬೆಚ್ಚಗಿರುವಾಗಲೇ ಮುಗಿಸಿಬಿಡಿ.

ಮಳೆಗಾಲದಲ್ಲೂ ಕೈಕೊಡದ ಒಂದು ಪ್ರಯೋಗವಿದೆ. ಸೆಲೋಟೇಪಿನ 15 ಸೆಂ.ಮೀ. ಉದ್ದದ ಎರಡು ತುಂಡು ಕತ್ತರಿಸಿ, ತುದಿಯಲ್ಲಿ ಸ್ವಲ್ಪ ಮಡಚಿ ಹಿಡಿ ಮಾಡಿಕೊಳ್ಳಿ. ಎರಡನ್ನೂ ಮೇಜಿಗೆ ಅಂಟಿಸಿ ಸರಕ್ಕನೆ ಕಿತ್ತು ಹತ್ತಿರ ತನ್ನಿ. ಎರಡಕ್ಕೂ ಒಂದೇ ಬಗೆಯ ಆವೇಶ ಬಂದಿರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಇನ್ನೊಂದು ಜೋಡಿಯನ್ನು ಒಂದರ ಬೆನ್ನಿಗೆ ಒಂದರಂತೆ ಅಂಟಿಸಿ, ಜೋಡಿಯನ್ನು ಬೆರಳಿನಿಂದ ನೇವರಿಸಿ ಆವೇಶ ಕಳೆದು, ಆಮೇಲೆ ಬೇರ್ಪಡಿಸಿ. ಈಗ ಅವು ಸೆಳೆಯುತ್ತವೆ, ಅಂದರೆ ಒಂದು ಧನ, ಒಂದು ಋಣ. ಟೇಪಿನ ಮೈ ಆಗಷ್ಟೇ ತೆರೆದದ್ದಾದ್ದರಿಂದ ತೇವ ಕೂರಲು ಸಮಯವಿರುವುದಿಲ್ಲ. ಇದು ತೇವದಲ್ಲೂ ಕೆಲಸ ಮಾಡುವ ಗುಟ್ಟು ಅದು.

ಇಲ್ಲಿಯೇ ಒಂದು ಪಾಠ ಗಟ್ಟಿ ಮಾಡಿಕೊಳ್ಳಿ. ಆಕರ್ಷಣೆ ಆವೇಶಕ್ಕೆ ಸಾಕ್ಷಿಯಲ್ಲ, ಏಕೆಂದರೆ ಆವೇಶವಿಲ್ಲದ ಕಾಗದದ ಚೂರೂ ಮಂಡಕ್ಕಿಯೂ ಸೆಳೆಯಲ್ಪಡುತ್ತವೆ. ಎರಡೂ ವಸ್ತುಗಳಲ್ಲಿ ಆವೇಶವಿದೆ ಎಂದು ಖಚಿತವಾಗಿ ಹೇಳುವುದು ವಿಕರ್ಷಣೆ ಮಾತ್ರ.

ಪೈಪು, ಬಟ್ಟೆ, ಚಿಹ್ನೆ

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 20 ಮಿ.ಮೀ. ಪಿವಿಸಿ ವೈರಿಂಗ್ ಪೈಪು ಅರ್ಧ ಮೀಟರ್ ತನ್ನಿ. ಸೋಪಿನಿಂದ ತೊಳೆದು ಬಿಸಿಲಲ್ಲಿ ಒಣಗಿಸಿ. ಹಳೆಯ ಉಣ್ಣೆಯ ಸ್ವೆಟರಿನ ತುಂಡಿನಿಂದ ಒಂದು ತುದಿಯಲ್ಲಿ ಹಿಡಿದು ಇನ್ನೊಂದು ತುದಿಯವರೆಗೆ ಇಪ್ಪತ್ತು ಸಲ ಬಿಗಿಯಾಗಿ ಉಜ್ಜಿದರೆ ಪೈಪು ಋಣ ಆವೇಶ ಪಡೆಯುತ್ತದೆ, ಉಣ್ಣೆ ಧನವಾಗುತ್ತದೆ. ಉಜ್ಜುವುದರಿಂದ ಆವೇಶ ಹೊಸದಾಗಿ ಸೃಷ್ಟಿಯಾಗುವುದಿಲ್ಲ. ಎಲೆಕ್ಟ್ರಾನುಗಳು ಒಂದರಿಂದ ಇನ್ನೊಂದಕ್ಕೆ ಹೋಗುತ್ತವೆ, ಅಷ್ಟೇ. ಪಿವಿಸಿ, ಪಾಲಿಥೀನ್, ಥರ್ಮಾಕೋಲ್, ರಬ್ಬರ್ ಬಲೂನು ಸಾಮಾನ್ಯವಾಗಿ ಋಣದ ಕಡೆಯವು. ಗಾಜು, ಕೂದಲು, ಉಣ್ಣೆ, ನೈಲಾನ್ ಧನದ ಕಡೆಯವು. ಪೈಪು ಋಣ ಎಂದು ಗೊತ್ತಿರುವುದರಿಂದ ಇನ್ನು ಮುಂದೆ ಅದೇ ನಿಮ್ಮ ಅಳತೆಗೋಲು: ಪೈಪಿನಿಂದ ದೂರ ಸರಿಯುವ ಟೇಪು ಋಣ.

ಎಲೆ ವಿದ್ಯುದ್ದರ್ಶಕ

ಆವೇಶ ಇದೆಯೇ ಎಂದು ತೋರಿಸುವ ಉಪಕರಣವಿದು. ಬೇಕಾದದ್ದು ಅಗಲ ಬಾಯಿಯ ಗಾಜಿನ ಬಾಟಲಿ, ಅದರ ಪ್ಲಾಸ್ಟಿಕ್ ಮುಚ್ಚಳ, 15 ಸೆಂ.ಮೀ. ಉದ್ದದ ದಪ್ಪ ತಾಮ್ರದ ತಂತಿ, ಪ್ಲಾಸ್ಟಿಕ್ ಸ್ಟ್ರಾ, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್. ತಂತಿಯ ಮೇಲಿನ ಪ್ಲಾಸ್ಟಿಕ್ ಅಥವಾ ವಾರ್ನಿಷನ್ನು ಪೂರ್ತಿ ಕೆರೆದು ತೆಗೆಯಿರಿ. ಮುಚ್ಚಳಕ್ಕೆ ತೂತು ಕೊರೆದು ಸ್ಟ್ರಾದ 4 ಸೆಂ.ಮೀ. ತುಂಡು ತೂರಿಸಿ, ಅದರೊಳಗೆ ತಂತಿ ಇಳಿಸಿ. ತಂತಿಯ ಕೆಳತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿ. ಮೇಲಿನ ತುದಿಗೆ ಫಾಯಿಲ್ ಉಂಡೆ ಕಟ್ಟಿ. ಚೂಪಾದ ತುದಿ ಹಾಗೇ ಉಳಿದರೆ ಅಲ್ಲಿಂದ ಆವೇಶ ಗಾಳಿಗೆ ಸೋರುತ್ತದೆ. 5 ಮಿ.ಮೀ. ಅಗಲ, 4 ಸೆಂ.ಮೀ. ಉದ್ದದ ಎರಡು ಫಾಯಿಲ್ ಪಟ್ಟಿಗಳಿಗೆ ಸೂಜಿಯಿಂದ ತೂತು ಮಾಡಿ ಕೊಕ್ಕೆಗೆ ತೂಗುಹಾಕಿ. ಇವೇ ಎಲೆಗಳು. ಪಟ್ಟಿಗಳನ್ನು ಚಮಚದ ಬೆನ್ನಿನಿಂದ ತಿಕ್ಕಿ ಸಪಾಟು ಮಾಡಿರಬೇಕು, ತೂತು ಸಡಿಲವಿರಬೇಕು. ಬಿಗಿಯಾಗಿದ್ದರೆ ಎಲೆಗಳು ಅಲುಗುವುದೇ ಇಲ್ಲ, ನೀವು ಹವೆಯನ್ನು ಬೈಯುತ್ತಾ ಕೂರುತ್ತೀರಿ.

ಉಜ್ಜಿದ ಪೈಪನ್ನು ಉಂಡೆಯ ಹತ್ತಿರ ತಂದರೆ ಸಾಕು, ಮುಟ್ಟಿಸುವ ಮೊದಲೇ ಎಲೆಗಳು ಅಗಲುತ್ತವೆ. ಪೈಪಿನ ಋಣ ಆವೇಶ ತಂತಿಯ ಎಲೆಕ್ಟ್ರಾನುಗಳನ್ನು ಕೆಳಕ್ಕೆ ತಳ್ಳಿರುತ್ತದೆ. ಪೈಪು ದೂರವಾದರೆ ಎಲೆಗಳು ಕೂಡಿಕೊಳ್ಳುತ್ತವೆ. ಪ್ರೇರಣೆ ಎಂದರೆ ಇದೇ. ಪೈಪನ್ನು ಉಂಡೆಗೆ ಒರೆಸಿದರೆ ಮಾತ್ರ ಆವೇಶ ವರ್ಗವಾಗಿ, ಪೈಪು ತೆಗೆದ ಮೇಲೂ ಎಲೆಗಳು ಅಗಲಿಯೇ ಇರುತ್ತವೆ.

ಈಗ ಮುಖ್ಯವಾದ ಪರೀಕ್ಷೆ. ಅಗಲಿದ ಎಲೆಗಳಿರುವಾಗ ಕೈಯಲ್ಲಿ ಹಿಡಿದ ಬೆಂಕಿಕಡ್ಡಿಯಿಂದ ಉಂಡೆ ಮುಟ್ಟಿ. ಎಲೆಗಳು ತಟ್ಟನೆ ಕೂಡುತ್ತವೆ! ಕಾಗದದ ಪಟ್ಟಿ, ಹತ್ತಿಯ ದಾರವೂ ಹಾಗೆಯೇ. ಸ್ಟ್ರಾ ಅಥವಾ ಮೇಣದ ಬತ್ತಿಯಿಂದ ಮುಟ್ಟಿದರೆ ಏನೂ ಆಗುವುದಿಲ್ಲ. ಕಟ್ಟಿಗೆ ಅವಾಹಕ ಎಂದಲ್ಲವೇ ನಾವು ಓದಿದ್ದು? ಲೆಕ್ಕ ನೋಡಿ. ಈ ಉಪಕರಣದ ಧಾರಕತೆ, ಅಂದರೆ ಆವೇಶ ಹಿಡಿದಿಡುವ ಸಾಮರ್ಥ್ಯ, ಸುಮಾರು 10 ಪಿಕೋಫ್ಯಾರಡ್ (ಒಂದು ಪಿಕೋಫ್ಯಾರಡ್ ಎಂದರೆ ಫ್ಯಾರಡಿನ ಲಕ್ಷ ಕೋಟಿಯ ಒಂದು ಭಾಗ). ಕಡ್ಡಿಯ ರೋಧ 1,000 ಮೆಗಾಓಮ್ ಇದ್ದರೂ ಎರಡನ್ನೂ ಗುಣಿಸಿದರೆ ಬರುವುದು ಸೆಕೆಂಡಿನ ನೂರನೇ ಒಂದು ಭಾಗ. ಅಷ್ಟರಲ್ಲಿ ಆವೇಶದ ಬಹುಪಾಲು ಹೋಗಿಬಿಡುತ್ತದೆ. ಅದೇ ಕಡ್ಡಿಯನ್ನು 9 ವೋಲ್ಟಿನ ಬ್ಯಾಟರಿಗೆ ಕೊಟ್ಟರೆ ಹರಿಯುವುದು 9 ನ್ಯಾನೋಆಂಪಿಯರ್. ಯಾವ ದೀಪವೂ ಬೆಳಗದು. ವಾಹಕ, ಅವಾಹಕ ಎಂಬುದು ನೀವು ಯಾವುದರಿಂದ ಅಳೆಯುತ್ತೀರಿ ಎಂಬುದರ ಮೇಲೆ ನಿಂತ ಮಾತು. ಕಡ್ಡಿಯನ್ನು ಎಸೆಯಬೇಡಿ, ಕೊನೆಯಲ್ಲಿ ಮತ್ತೆ ಬೇಕು.

ಸ್ಥಾಯಿ ವಿದ್ಯುತ್ತಿನ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ನೋಡಲು ಹೋಗುವವರಿಗೂ ಇದೇ ಉತ್ತರ. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್. ಕಡ್ಡಿಗಿಂತ ನೂರು ಪಟ್ಟು ವೇಗವಾಗಿ ಅದು ಆವೇಶವನ್ನು ಬರಿದು ಮಾಡುತ್ತದೆ, ಪರದೆಯ ಮೇಲೆ ಸೊನ್ನೆ ಉಳಿಯುತ್ತದೆ.

ಎಲೆಕ್ಟ್ರೋಫೋರಸ್: ಒಮ್ಮೆ ಉಜ್ಜಿ, ಹತ್ತಾರು ಸಲ ಕಿಡಿ

1762ರಲ್ಲಿ ಸ್ವೀಡನ್ನಿನ ಯೋಹಾನ್ ವಿಲ್ಕೆ ಮಾಡಿದ, 1775ರಲ್ಲಿ ಇಟಲಿಯ ವೋಲ್ಟಾ ಸುಧಾರಿಸಿ ಹೆಸರಿಟ್ಟ ಸಾಧನವಿದು. ಫ್ರಿಜ್ ಅಥವಾ ಟಿವಿ ಪ್ಯಾಕಿಂಗಿನ ಸಪಾಟಾದ ಥರ್ಮಾಕೋಲ್ ಹಲಗೆ ತಳಕ್ಕೆ. ಮೇಲಕ್ಕೆ 18–20 ಸೆಂ.ಮೀ. ಅಗಲದ, ಅಂಚು ಸುತ್ತಿಕೊಂಡಿರುವ ಸ್ಟೀಲ್ ಅಥವಾ ಅಲ್ಯೂಮಿನಿಯಂ ತಟ್ಟೆ. ತಟ್ಟೆಯ ನಡುವೆ ಹಾಟ್ ಗ್ಲೂನಿಂದ 15 ಸೆಂ.ಮೀ. ಪಿವಿಸಿ ಪೈಪನ್ನು ನಿಲ್ಲಿಸಿ ಹಿಡಿಕೆ ಮಾಡಿ.

1. ಥರ್ಮಾಕೋಲನ್ನು ಉಣ್ಣೆಯಿಂದ ಅರ್ಧ ನಿಮಿಷ ಉಜ್ಜಿ.
2. ಹಿಡಿಕೆಯ ತುದಿಯಲ್ಲಿ ಹಿಡಿದು ತಟ್ಟೆಯನ್ನು ಅದರ ಮೇಲಿಡಿ.
3. ತಟ್ಟೆಯನ್ನು ಬೆರಳಿನಿಂದ ಒಮ್ಮೆ ಮುಟ್ಟಿ. ಸಣ್ಣದೊಂದು ಚಟ್ ಶಬ್ದ ಬರುತ್ತದೆ.
4. ಬೆರಳು ತೆಗೆಯಿರಿ.
5. ಹಿಡಿಕೆ ಹಿಡಿದು ತಟ್ಟೆಯನ್ನು ನೇರವಾಗಿ ಮೇಲೆತ್ತಿ.

ಮೂರನೆಯ ಹೆಜ್ಜೆ ಬಿಟ್ಟರೆ ಏನೂ ಬರುವುದಿಲ್ಲ. ನಾಲ್ಕನೆಯದನ್ನು ಮರೆತು ಬೆರಳಿಟ್ಟುಕೊಂಡೇ ಎತ್ತಿದರೂ ಏನೂ ಬರುವುದಿಲ್ಲ. ಬೆರಳಿನ ಮೂಲಕ ತಟ್ಟೆಯ ಎಲೆಕ್ಟ್ರಾನುಗಳು ಓಡಿಹೋಗುತ್ತವೆ, ತಟ್ಟೆ ಧನವಾಗಿ ಉಳಿಯುತ್ತದೆ. ಥರ್ಮಾಕೋಲಿನ ಆವೇಶ ಮಾತ್ರ ಅಲ್ಲಲ್ಲೇ ಸಿಕ್ಕಿಕೊಂಡಿರುತ್ತದೆ. ಎರಡು ಮೈಗಳು ಕೆಲವೇ ಬಿಂದುಗಳಲ್ಲಿ ತಾಗುವುದರಿಂದ ಅದು ತಟ್ಟೆಗೆ ದಾಟುವುದು ತೀರ ಕಡಿಮೆ. ಆದ್ದರಿಂದ ಮತ್ತೆ ಉಜ್ಜದೆಯೇ ಎರಡರಿಂದ ಐದರವರೆಗಿನ ಹೆಜ್ಜೆಗಳನ್ನು ಹತ್ತಾರು ಸಲ ಮಾಡಬಹುದು. ಶಕ್ತಿ ಬರುವುದು ಸೆಳೆತದ ವಿರುದ್ಧ ತಟ್ಟೆ ಎತ್ತುವ ನಿಮ್ಮ ತೋಳಿನಿಂದ.

ಎತ್ತಿದ ತಟ್ಟೆಗೆ ಲೈನ್ ಟೆಸ್ಟರ್ ತೋರಿಸಿ. ಟೆಸ್ಟರಿನ ಹಿಂಭಾಗದ ಲೋಹವನ್ನು ಬೆರಳಿನಲ್ಲಿ ಒತ್ತಿ, ತುದಿಯನ್ನು ತಟ್ಟೆಯ ಅಂಚಿಗೆ ತನ್ನಿ. ಕತ್ತಲ ಕೋಣೆಯಲ್ಲಿ ಕಿತ್ತಳೆ ಬಣ್ಣದ ಮಿಂಚು ಸ್ಪಷ್ಟ. ಹತ್ತಿರದಿಂದ ನೋಡಿ: ನಿಯಾನ್ ದೀಪದೊಳಗೆ ಎರಡು ಪುಟ್ಟ ಕಡ್ಡಿಗಳಿವೆ, ಬೆಳಗುವುದು ಋಣದ ಕಡೆಯದು ಮಾತ್ರ. ತಟ್ಟೆ ಧನವಾದ್ದರಿಂದ ನಿಮ್ಮ ಬೆರಳಿನ ಕಡೆಯ ಕಡ್ಡಿ ಹೊಳೆಯುತ್ತದೆ. ಮನೆಯ 230 ವೋಲ್ಟಿಗೆ ಎರಡೂ ಕಡ್ಡಿ ಹೊಳೆಯುವುದು ಅಲ್ಲಿ ದಿಕ್ಕು ಸೆಕೆಂಡಿಗೆ ನೂರು ಸಲ ಬದಲಾಗುವುದರಿಂದ. ಈ ಲೇಖನದ ಯಾವ ಪ್ರಯೋಗವನ್ನೂ ಗೋಡೆಯ ಪ್ಲಗ್ಗಿಗೆ ಜೋಡಿಸಬಾರದು ಎಂದು ಇಲ್ಲೇ ಹೇಳಿಬಿಡುತ್ತೇವೆ.

ಗಾಳಿಯಲ್ಲಿ ಒಂದು ಮಿ.ಮೀ. ಕಿಡಿಗೆ ಸುಮಾರು 3,000 ವೋಲ್ಟ್ ಬೇಕು. 5 ಮಿ.ಮೀ. ಕಿಡಿ ಬಂತೆಂದರೆ ತಟ್ಟೆಯಲ್ಲಿ 15,000 ವೋಲ್ಟಿನ ಹತ್ತಿರ ಇದೆ. ಆದರೂ ನಿಮಗೇನೂ ಆಗುವುದಿಲ್ಲ, ಏಕೆಂದರೆ ತಟ್ಟೆಯಲ್ಲಿರುವ ಆವೇಶ ಮೈಕ್ರೋಕೂಲಂಬಿನ ಹತ್ತನೇ ಒಂದು ಭಾಗದ ಆಸುಪಾಸು (ಕೂಲಂಬ್ ಆವೇಶದ ಅಳತೆ, ಮೈಕ್ರೋ ಎಂದರೆ ಅದರ ಹತ್ತು ಲಕ್ಷದ ಒಂದು ಭಾಗ). ಪೇಸ್‌ಮೇಕರ್ ಹಾಕಿಸಿಕೊಂಡವರು ಮಾತ್ರ ಇದರಿಂದ ದೂರವಿರಬೇಕು.

ಲೈಡನ್ ಜಾಡಿ, ಅಂದರೆ ಮೊದಲ ಕೆಪಾಸಿಟರ್

1745–46ರಲ್ಲಿ ಜರ್ಮನಿಯ ಕ್ಲೈಸ್ಟ್ ಮತ್ತು ನೆದರ್ಲೆಂಡ್ಸಿನ ಲೈಡನ್ ಊರಿನ ಮುಶೆನ್‌ಬ್ರೂಕ್ ಬೇರೆಬೇರೆಯಾಗಿ ಕಂಡುಕೊಂಡದ್ದು. ಕೆಪಾಸಿಟರ್ ಎಂದರೆ ಆವೇಶ ಕೂಡಿಡುವ ಸಾಧನ. 100 ಮಿ.ಲೀ. ಔಷಧಿಯ ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ಎತ್ತರದವರೆಗೆ ಉಪ್ಪುನೀರು ತುಂಬಿ, ಹೊರಗೆ ಅದೇ ಎತ್ತರಕ್ಕೆ ಫಾಯಿಲ್ ಸುತ್ತಿ. ಮುಚ್ಚಳದ ಮೂಲಕ ಉದ್ದನೆಯ ಮೊಳೆಯನ್ನು ನೀರು ಮುಟ್ಟುವಂತೆ ಇಳಿಸಿ. ನೀರಿನ ಮಟ್ಟದಿಂದ ಮೇಲಿನ ಬಾಟಲಿಯ ಮೈ ಒಳಗೂ ಹೊರಗೂ ಒಣಗಿರಲೇಬೇಕು. ಒಂದು ಹನಿ ಇಳಿದರೂ ಜಾಡಿ ತುಂಬುವುದಿಲ್ಲ. ಫಾಯಿಲನ್ನು ಕೈಯಲ್ಲಿ ಹಿಡಿದು, ಎಲೆಕ್ಟ್ರೋಫೋರಸ್ ತಟ್ಟೆಯನ್ನು ಇಪ್ಪತ್ತು ಸಲ ಎತ್ತಿ ಎತ್ತಿ ಮೊಳೆಗೆ ತಾಗಿಸಿ. ಆಮೇಲೆ ಜಾಡಿಯನ್ನು ಮೇಜಿನ ಮೇಲಿಟ್ಟು, ಪ್ಲಾಸ್ಟಿಕ್ ಹೊದಿಕೆಯಿರುವ ತಂತಿಯ ಒಂದು ತುದಿಯನ್ನು ಮೊದಲು ಫಾಯಿಲಿಗೆ ತಾಗಿಸಿ, ಇನ್ನೊಂದನ್ನು ಮೊಳೆಯ ಹತ್ತಿರ ತನ್ನಿ. ತಟ್ಟೆಯ ಕಿಡಿ ತೆಳ್ಳಗೆ, ಇದು ದಪ್ಪಗೆ, ಶಬ್ದವೂ ಜೋರು. ಇದಕ್ಕಿಂತ ದೊಡ್ಡ ಬಾಟಲಿ ಬೇಡ, ಹಲವು ಜಾಡಿಗಳನ್ನು ಕೂಡಿಸುವುದಂತೂ ಬೇಡವೇ ಬೇಡ. ಆ ಹೊಡೆತ ಅಪಾಯದ ಮಟ್ಟಕ್ಕೆ ಏರಬಲ್ಲದು.

ಈ ಜಾಡಿಯನ್ನು ಸುಮಾರು 300 ಪಿಕೋಫ್ಯಾರಡ್ ಎಂದಿಟ್ಟುಕೊಳ್ಳಿ. 10,000 ವೋಲ್ಟಿನಲ್ಲಿ ಅದರಲ್ಲಿರುವುದು 3 ಮೈಕ್ರೋಕೂಲಂಬ್ ಆವೇಶ, 15 ಮಿಲಿಜೌಲ್ ಶಕ್ತಿ. ಈಗ ಅಂಗಡಿಯ 1,000 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ 9 ವೋಲ್ಟ್ ಕೊಡಿ: ಆವೇಶ 9,000 ಮೈಕ್ರೋಕೂಲಂಬ್, ಶಕ್ತಿ ಸುಮಾರು 40 ಮಿಲಿಜೌಲ್. ಆವೇಶ ಮೂರು ಸಾವಿರ ಪಟ್ಟು, ಶಕ್ತಿ ಮೂರು ಪಟ್ಟೂ ಇಲ್ಲ. ಮೊದಲು ಹೇಳಿದ ಎರಡು ಲೆಕ್ಕ ಇಲ್ಲಿ ಪಕ್ಕಪಕ್ಕದಲ್ಲಿ ಕೂತಿವೆ.

ಬಿಡಿಭಾಗಗಳಿಗೆ ಬರೋಣ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನಿಮ್ಮೂರಿನ ರೇಡಿಯೋ ರಿಪೇರಿ ಸಾಮಾನಿನ ಅಂಗಡಿಯಲ್ಲೋ ಇವನ್ನು ತನ್ನಿ: ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಬಿಡಿಭಾಗಗಳನ್ನು ಚುಚ್ಚಿ ಜೋಡಿಸುವ ತೂತುಗಳ ಹಲಗೆ), 9 ವೋಲ್ಟ್ ಬ್ಯಾಟರಿ ಮತ್ತು ಕ್ಲಿಪ್, ಕೆಂಪು ಎಲ್‌ಇಡಿ ಎರಡು, ಬಿಸಿ547 ಟ್ರಾನ್ಸಿಸ್ಟರ್ ಮೂರು (ಇನ್ನೊಂದು ಹೆಚ್ಚಿಗೆ ಇರಲಿ), 1,000 ಮೈಕ್ರೋಫ್ಯಾರಡ್ 16 ವೋಲ್ಟ್ ಕೆಪಾಸಿಟರ್ ಒಂದು, ಕಾಲು ವ್ಯಾಟಿನ ರೆಸಿಸ್ಟರುಗಳು, ಕಂಸದಲ್ಲಿರುವುದು ಅವುಗಳ ಮೈಮೇಲಿನ ಬಣ್ಣದ ಪಟ್ಟೆಗಳು: 680 ಓಮ್ ಒಂದು (ನೀಲಿ–ಬೂದು–ಕಂದು), 10 ಕಿಲೋಓಮ್ ಒಂದು (ಕಂದು–ಕಪ್ಪು–ಕಿತ್ತಳೆ), 100 ಕಿಲೋಓಮ್ ಒಂದು (ಕಂದು–ಕಪ್ಪು–ಹಳದಿ), 1 ಮೆಗಾಓಮ್ ಎರಡು (ಕಂದು–ಕಪ್ಪು–ಹಸಿರು), 10 ಮೆಗಾಓಮ್ ಒಂದು (ಕಂದು–ಕಪ್ಪು–ನೀಲಿ).

ರೆಸಿಸ್ಟರಿನ ಕೆಲಸ ಪ್ರವಾಹವನ್ನು ಮಿತಿಯಲ್ಲಿಡುವುದು. ಕೆಂಪು ಎಲ್‌ಇಡಿ ತನಗಾಗಿ ಸುಮಾರು 2 ವೋಲ್ಟ್ ಇಟ್ಟುಕೊಳ್ಳುತ್ತದೆ. ಉಳಿದ 7 ವೋಲ್ಟನ್ನು 680 ಓಮ್‌ನಿಂದ ಭಾಗಿಸಿದರೆ 10 ಮಿಲಿಆಂಪಿಯರ್. ಎಲ್‌ಇಡಿ ತಾಳುವ 20ಕ್ಕಿಂತ ಸಾಕಷ್ಟು ಕಡಿಮೆ. ರೆಸಿಸ್ಟರ್ ಇಲ್ಲದೆ ನೇರ ಬ್ಯಾಟರಿಗೆ ಕೊಟ್ಟರೆ ಎಲ್‌ಇಡಿ ಒಮ್ಮೆ ಜೋರಾಗಿ ಹೊಳೆದು ಸಾಯುವುದೇ ಹೆಚ್ಚು. ಉದ್ದ ಕಾಲು ಪ್ಲಸ್ ಕಡೆಗೆ; ಕಾಲು ಕತ್ತರಿಸಿದ್ದರೆ ಅಂಚು ಚಪ್ಪಟೆಯಾಗಿರುವ ಕಡೆ ಮೈನಸ್. ತಿರುಗಾಮುರುಗಾ ಹಾಕಿದರೆ ಬೆಳಗದು, ಹಾಗೇ ಬಿಡಲೂಬಾರದು. ಹಿಮ್ಮುಖವಾಗಿ ಅದು ಸಾಮಾನ್ಯವಾಗಿ ತಾಳುವುದು 5 ವೋಲ್ಟ್ ಮಾತ್ರ.

10 ಮಿಲಿಆಂಪಿಯರ್ ಎಂದರೆ ಸೆಕೆಂಡಿಗೆ 10,000 ಮೈಕ್ರೋಕೂಲಂಬ್. ಈ ಎಲ್‌ಇಡಿಯನ್ನು ಒಂದು ಸೆಕೆಂಡು ಇದೇ ಬೆಳಕಿನಲ್ಲಿ ಉರಿಸಲು ಎಲೆಕ್ಟ್ರೋಫೋರಸ್ ತಟ್ಟೆಯನ್ನು ಲಕ್ಷ ಸಲ ಎತ್ತಬೇಕು.

ಕೆಪಾಸಿಟರನ್ನು 680 ಓಮ್ ಮೂಲಕ ಬ್ಯಾಟರಿಗೆ ನಾಲ್ಕು ಸೆಕೆಂಡು ಜೋಡಿಸಿ ತುಂಬಿಸಿ. ಅದರ ಮೈಮೇಲಿನ ಪಟ್ಟೆ ಮೈನಸ್ ಕಾಲನ್ನು ತೋರಿಸುತ್ತದೆ. ತಪ್ಪಿ ಹಾಕಿದರೆ ಬಿಸಿಯಾಗಿ ಉಬ್ಬಿ ಒಡೆಯಬಹುದು, ಆದ್ದರಿಂದ ಎರಡು ಸಲ ನೋಡಿ. ಬ್ಯಾಟರಿ ತೆಗೆದು, ಅದೇ 680 ಓಮ್ ಮತ್ತು ಎಲ್‌ಇಡಿ ಮೂಲಕ ಖಾಲಿ ಮಾಡಿ: ಹೊಳೆದು ಒಂದೆರಡು ಸೆಕೆಂಡಿನಲ್ಲಿ ಮಂಕಾಗುತ್ತದೆ. ರೆಸಿಸ್ಟರನ್ನು 10 ಕಿಲೋಓಮ್ ಮಾಡಿ ನೋಡಿ: ಬೆಳಕು ಮಂದ, ಆದರೆ ಇಪ್ಪತ್ತು ಸೆಕೆಂಡಿನವರೆಗೂ ಕಾಣುತ್ತದೆ. ಓಮ್ ಮತ್ತು ಫ್ಯಾರಡ್ ಗುಣಿಸಿದರೆ ಸೆಕೆಂಡು ಬರುತ್ತದೆ. ಬೆಂಕಿಕಡ್ಡಿಗೂ ವಿದ್ಯುದ್ದರ್ಶಕಕ್ಕೂ ಹಾಕಿದ್ದು ಇದೇ ಲೆಕ್ಕ. ಕೆಪಾಸಿಟರ್ ಬೇಕೆಂದು ಹಳೆಯ ಕ್ಯಾಮೆರಾ ಫ್ಲ್ಯಾಶ್, ಚಾರ್ಜರ್ ಬಿಚ್ಚಬೇಡಿ. ಅಲ್ಲಿರುವವು 300 ವೋಲ್ಟಿನ ಆಸುಪಾಸಿನವರೆಗೆ ತುಂಬಿಕೊಂಡಿರಬಹುದು, ಪ್ಲಗ್ ಕಿತ್ತ ಮೇಲೂ.

ಮೂರು ಟ್ರಾನ್ಸಿಸ್ಟರಿನ ಆವೇಶ ಪತ್ತೆಗಾರ

ಬಿಸಿ547ರ ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಬೇಸಿಗೆ ಹೋದ ಪ್ರವಾಹವನ್ನು ಇದು ಸುಮಾರು 200 ಪಟ್ಟು ಹಿಗ್ಗಿಸುತ್ತದೆ. ಒಂದರ ಎಮಿಟರನ್ನು ಮುಂದಿನದರ ಬೇಸಿಗೆ ಕೊಟ್ಟು ಮೂರನ್ನು ಸಾಲಾಗಿಟ್ಟರೆ, ಅತಿ ಸಣ್ಣ ಪ್ರವಾಹದಲ್ಲಿ ಹಿಗ್ಗುವಿಕೆ ಕೊಂಚ ಕುಗ್ಗಿದರೂ, ಲಕ್ಷಗಳ ಲೆಕ್ಕದಲ್ಲಿ ಸಿಗುತ್ತದೆ.

15 ಸೆಂ.ಮೀ. ತಂತಿ ಆಂಟೆನಾ, ಅದರಿಂದ 1 ಮೆಗಾಓಮ್ ಮೂಲಕ ಮೊದಲ ಬೇಸಿಗೆ. ಮೊದಲ ಕಲೆಕ್ಟರಿನಿಂದ ಇನ್ನೊಂದು 1 ಮೆಗಾಓಮ್ ಪ್ಲಸ್‌ಗೆ. ಮೊದಲ ಎಮಿಟರ್ ಎರಡನೇ ಬೇಸಿಗೆ, ಎರಡನೇ ಕಲೆಕ್ಟರಿನಿಂದ 100 ಕಿಲೋಓಮ್ ಪ್ಲಸ್‌ಗೆ. ಎರಡನೇ ಎಮಿಟರ್ ಮೂರನೇ ಬೇಸಿಗೆ. ಮೂರನೇ ಕಲೆಕ್ಟರಿಗೆ ಎಲ್‌ಇಡಿಯ ಗಿಡ್ಡ ಕಾಲು. ಉದ್ದ ಕಾಲಿನಿಂದ 680 ಓಮ್ ಪ್ಲಸ್‌ಗೆ. ಮೂರನೇ ಎಮಿಟರ್ ಮೈನಸ್‌ಗೆ.

ಉಜ್ಜಿದ ಪಿವಿಸಿ ಪೈಪನ್ನು ಆಂಟೆನಾದಿಂದ ಒಂದು ಅಡಿ ದೂರಕ್ಕೆ ತನ್ನಿ. ತರುವಾಗ ಎಲ್‌ಇಡಿ ಸುಮ್ಮನಿರುತ್ತದೆ, ಪೈಪನ್ನು ಹಿಂದಕ್ಕೆ ಎಳೆದಾಗ ಬೆಳಗುತ್ತದೆ. ಋಣ ಆವೇಶ ಹತ್ತಿರ ಬಂದಾಗ ಬೇಸ್ ಋಣವಾಗಿ ಟ್ರಾನ್ಸಿಸ್ಟರ್ ಮುಚ್ಚಿಕೊಳ್ಳುತ್ತದೆ. ದೂರ ಹೋದಾಗ ಬೇಸ್ ಧನದ ಕಡೆ ಜಿಗಿದು ತೆರೆದುಕೊಳ್ಳುತ್ತದೆ. ಎತ್ತಿದ ಎಲೆಕ್ಟ್ರೋಫೋರಸ್ ತಟ್ಟೆ ಧನವಾದ್ದರಿಂದ ಅದಕ್ಕೆ ತದ್ವಿರುದ್ಧ, ಹತ್ತಿರ ತರುವಾಗಲೇ ಬೆಳಕು. ತಟ್ಟೆಯ ಕಿಡಿ ಆಂಟೆನಾಗೆ ಹಾರಲು ಮಾತ್ರ ಬಿಡಬೇಡಿ. ಬೇಸಿನ ರೆಸಿಸ್ಟರ್ ರಕ್ಷಣೆಗೇ ಇದ್ದರೂ ಸಾವಿರಾರು ವೋಲ್ಟಿನ ನೇರ ಹೊಡೆತ ಟ್ರಾನ್ಸಿಸ್ಟರನ್ನು ಕೊಲ್ಲಬಲ್ಲದು. ಕಂಪ್ಯೂಟರಿನ ಮೆಮೊರಿ ಮುಟ್ಟುವ ಮುನ್ನ ಮಣಿಕಟ್ಟಿಗೆ ನೆಲಕ್ಕೆ (ಅರ್ತಿಂಗಿಗೆ) ಜೋಡಿಸಿದ ಪಟ್ಟಿ ಕಟ್ಟಿಕೊಳ್ಳುವುದೂ ಇದೇ ಭಯಕ್ಕೆ. ಆ ಪಟ್ಟಿಯಲ್ಲೂ 1 ಮೆಗಾಓಮ್ ಇರುತ್ತದೆ, ಅಕಸ್ಮಾತ್ 230 ವೋಲ್ಟ್ ತಾಗಿದರೂ ಕಾಲು ಮಿಲಿಆಂಪಿಯರಿಗಿಂತ ಹೆಚ್ಚು ಹರಿಯಬಾರದೆಂದು.

ಎಲ್‌ಇಡಿ ಆರದೆ ಉರಿಯುತ್ತಲೇ ಇದ್ದರೆ ಸರ್ಕಿಟ್ ಕೆಟ್ಟಿಲ್ಲ, ಗೋಡೆಯೊಳಗಿನ 50 ಹರ್ಟ್ಸ್ ವೈರಿಂಗನ್ನು ಅದು ಹಿಡಿಯುತ್ತಿದೆ. ಆಂಟೆನಾವನ್ನು 5 ಸೆಂ.ಮೀ.ಗೆ ಕತ್ತರಿಸಿ, ಸ್ವಿಚ್‌ಬೋರ್ಡಿನಿಂದ ದೂರ, ಸಾಧ್ಯವಾದರೆ ತಾರಸಿಗೆ ಅಥವಾ ಅಂಗಳಕ್ಕೆ ಒಯ್ಯಿರಿ. ಅಲ್ಲೂ ಮಂದವಾಗಿ ಉರಿದರೆ ಅದು ಟ್ರಾನ್ಸಿಸ್ಟರಿನ ಸೋರಿಕೆ, ಬಿಸಿಲಲ್ಲಿ ಹೆಚ್ಚುತ್ತದೆ. ಎರಡನೇ ಬೇಸಿನಿಂದ ಮೈನಸ್‌ಗೆ 10 ಮೆಗಾಓಮ್ ಹಾಕಿ. ಒಮ್ಮೆಯೂ ಬೆಳಗದಿದ್ದರೆ ಆಂಟೆನಾ ಮತ್ತು ಪ್ಲಸ್ ಎರಡನ್ನೂ ಒಂದೇ ಕೈಯ ಬೆರಳುಗಳಿಂದ ಮುಟ್ಟಿ. ಆಗಲೂ ಇಲ್ಲವೆಂದರೆ ಟ್ರಾನ್ಸಿಸ್ಟರ್ ತಿರುಗಿ ಕೂತಿರಬಹುದು, ಇಲ್ಲವೇ ಬ್ರೆಡ್‌ಬೋರ್ಡಿನ ಅಂಚಿನ ಉದ್ದ ಸಾಲು ನಡುವೆ ತುಂಡಾಗಿರಬಹುದು. ಕೆಲವು ಬೋರ್ಡುಗಳಲ್ಲಿ ಆ ಸಾಲು ಅರ್ಧಕ್ಕೇ ನಿಲ್ಲುತ್ತದೆ, ನೋಡಲು ಗೊತ್ತಾಗುವುದಿಲ್ಲ.

ಈಗ ಆ ಬೆಂಕಿಕಡ್ಡಿ ತನ್ನಿ. ಮೊದಲು ಬ್ಯಾಟರಿ, 680 ಓಮ್, ಎಲ್‌ಇಡಿಯ ಸಾದಾ ಸರ್ಕಿಟ್ಟಿನ ನಡುವೆ ಕಡ್ಡಿಯನ್ನು ಸೇರಿಸಿ: ಬೆಳಕಿಲ್ಲ. ಆಮೇಲೆ ಪತ್ತೆಗಾರದ ಪ್ಲಸ್‌ಗೂ ಆಂಟೆನಾಗೂ ನಡುವೆ ಕಡ್ಡಿಯನ್ನು ಎರಡು ಕ್ರೊಕೊಡೈಲ್ ಕ್ಲಿಪ್ಪುಗಳಲ್ಲಿ ಕಚ್ಚಿಸಿ. ಕೈಯಲ್ಲಿ ಹಿಡಿದರೆ ನಿಮ್ಮ ಮೈ ವೈರಿಂಗಿನಿಂದ ಹಿಡಿದ 50 ಹರ್ಟ್ಸ್ ಕೂಡ ಒಳಗೆ ಹೋಗುತ್ತದೆ. ಕಡ್ಡಿಯ ಮೂಲಕ ಹರಿಯುವ ನ್ಯಾನೋಆಂಪಿಯರುಗಳಿಗೇ ಎಲ್‌ಇಡಿ ಬೆಳಗುತ್ತದೆ. ಕಡ್ಡಿ ತೀರ ಒಣಗಿದ್ದು ಬೆಳಕು ಮಂಕಾಗಿದ್ದರೆ ಅದರ ಮೇಲೆ ಒಮ್ಮೆ ಉಸಿರು ಬಿಡಿ, ತಕ್ಷಣ ಏರುತ್ತದೆ. ಇದೇ ಕ್ಲಿಪ್ಪುಗಳಿಗೆ ಕಾಗದ, ಹತ್ತಿಯ ದಾರ, ಒಣಗಿದ ಎಲೆ, ಸ್ಟ್ರಾ, ಮೇಣದ ತುಂಡು ಒಂದೊಂದಾಗಿ ಕೊಟ್ಟು, ವಿದ್ಯುದ್ದರ್ಶಕದ ಎಲೆಗಳನ್ನು ಕೂಡಿಸಿದವು ಯಾವುವು, ಎಲ್‌ಇಡಿ ಬೆಳಗಿಸಿದವು ಯಾವುವು ಎಂದು ಪಕ್ಕಪಕ್ಕ ಬರೆದಿಡಿ. ಒಣಹವೆಯ ದಿನವೊಮ್ಮೆ, ಮಳೆ ಬಂದ ಮಾರನೇ ದಿನವೊಮ್ಮೆ ಮಾಡಿದರೆ ಎರಡು ಪಟ್ಟಿಗಳೂ ಹೇಗೆ ಬದಲಾಗುತ್ತವೆಂಬುದು ಕಾಣುತ್ತದೆ.